ನಾವು ಆರಿಸದ ವಾಕ್ಯ

ಸೆಪ್ಟೆಂಬರ್ 8 ಮರಿಯಮ್ಮನವರ ಜನನೋತ್ಸವ. ಹರಿಹರದ ಆರೋಗ್ಯ ಮಾತೆಯ ಬೆಸಿಲಿಕಾದಲ್ಲಿ ವರ್ಷದ ದೊಡ್ಡ ಹಬ್ಬ. ಪಕ್ಕದ ಗುತ್ತೂರಿನವರು, ದಾವಣಗೆರೆಯಿಂದ ಬಸ್ಸು ಹಿಡಿದು ಬಂದವರು, ಹೊಳೆಯಾಚೆಯ ಕುಮಾರಪಟ್ಟಣದವರು, ದೂರದ ಜಿಲ್ಲೆಗಳವರು ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಕೈಯಲ್ಲಿ ಮೇಣದಬತ್ತಿ, ಮನಸ್ಸಿನಲ್ಲಿ ಒಂದು ಹರಕೆ: ವಾಸಿಯಾಗದ ಕಾಯಿಲೆ, ಕೂಡಿಬರದ ಸಂಬಂಧ, ತೀರದ ಸಾಲ. ಕ್ರೈಸ್ತರಲ್ಲದವರೂ ಆ ಸಾಲಿನಲ್ಲಿ ಬೇಕಾದಷ್ಟು ಮಂದಿ. ಇಂಥ ದಿನ ಯಾವ ಶುಭಸಂದೇಶ ಓದಬೇಕೆಂದು ಆ ಸಾಲಿನವರನ್ನೇ ಕೇಳಿದ್ದರೆ ಕುಷ್ಠರೋಗಿ ಗುಣವಾದದ್ದನ್ನೋ ಕುರುಡನಿಗೆ ಕಣ್ಣು ಬಂದದ್ದನ್ನೋ ಹೇಳುತ್ತಿದ್ದರು. ಆದರೆ ಈ ಹಬ್ಬಕ್ಕೆ ಧರ್ಮಸಭೆ ಗೊತ್ತುಮಾಡಿರುವುದು ಮತ್ತಾಯನ ಮೊದಲ ಅಧ್ಯಾಯವನ್ನು. ಅದರ ಮೊದಲ ಹದಿನಾರು ವಚನಗಳಲ್ಲಿ ಇರುವುದೆಲ್ಲ ಹೆಸರುಗಳೇ. ಅಬ್ರಹಾಮನಿಂದ ಜೋಸೆಫನವರೆಗೆ ಯಾರು ಯಾರಿಗೆ ಹುಟ್ಟಿದರು ಎಂಬ ವಂಶಾವಳಿ. ಬೇಕಿದ್ದರೆ ಪಟ್ಟಿಯನ್ನು ಬಿಟ್ಟು 18ನೇ ವಚನದಿಂದ ಓದಬಹುದೆಂಬ ಅನುಕೂಲವೂ ಉಂಟು. ನೋವು ಹೊತ್ತು ಬಂದವರ ಮುಂದೆ ಹೆಸರಿನ ಪಟ್ಟಿ ಓದುವುದು ಎಂಥ ವಿಚಿತ್ರ ಎಂದು ಅನ್ನಿಸದೆ ಇರದು. ಆ ಪಟ್ಟಿಗೆ ಕೊನೆಯಲ್ಲಿ ಮರಳೋಣ. ಸದ್ಯಕ್ಕೆ ಇಷ್ಟು ಸಾಕು: ದಿನದ ವಾಚನದ ಬಲ ಇರುವುದು ಅದನ್ನು ನಾವು ಆರಿಸಿಕೊಂಡಿಲ್ಲ ಎಂಬುದರಲ್ಲೇ. ಅದನ್ನು ಬದುಕಿಗೆ ಅನ್ವಯಿಸುವ ಬಗೆಯೆಲ್ಲ ಈ ಒಂದು ಮಾತಿನಿಂದ ಹೊರಡುತ್ತದೆ.

ಯಾರು ಜೋಡಿಸಿದರು, ಹೇಗೆ ಹುಡುಕುವುದು

ಎರಡನೇ ವ್ಯಾಟಿಕನ್ ಮಹಾಸಭೆಗೆ ಮುಂಚೆ ಬಲಿಪೂಜೆ ಲ್ಯಾಟಿನ್ ಭಾಷೆಯಲ್ಲಿತ್ತು. ವರ್ಷವರ್ಷವೂ ಓದುತ್ತಿದ್ದ ಬೈಬಲ್ ಭಾಗಗಳೂ ಕೆಲವೇ. ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ಪೂಜಾವಿಧಿಯ ಶಾಸನ, ಬೈಬಲಿನ ಭಂಡಾರವನ್ನು ಜನರಿಗೆ ಧಾರಾಳವಾಗಿ ತೆರೆದಿಡಬೇಕೆಂದು ವಿಧಿಸಿತು. ಅದರ ಫಲವಾಗಿ 1969ರಲ್ಲಿ ಬಂದದ್ದು ಇಂದಿನ ವಾಚನಗಳ ಪಟ್ಟಿ. ಅದರ ಲೆಕ್ಕ ಸರಳ. ಭಾನುವಾರಗಳಿಗೆ ಮೂರು ವರ್ಷದ ಸುತ್ತು: ಎ ವರ್ಷ ಮತ್ತಾಯ, ಬಿ ವರ್ಷ ಮಾರ್ಕ, ಸಿ ವರ್ಷ ಲೂಕ. ಯೊವಾನ್ನನ ಶುಭಸಂದೇಶ ಹೆಚ್ಚಾಗಿ ತಪಸ್ಸು ಕಾಲದಲ್ಲಿಯೂ ಪಾಸ್ಖ ಕಾಲದಲ್ಲಿಯೂ ಬರುತ್ತದೆ. ಇಸವಿಯನ್ನು ಮೂರರಿಂದ ಭಾಗಿಸಿದಾಗ ಶೇಷ ಉಳಿಯದಿದ್ದರೆ ಸಿ, ಒಂದು ಉಳಿದರೆ ಎ, ಎರಡು ಉಳಿದರೆ ಬಿ. ಧರ್ಮಸಭೆಯ ವರ್ಷ ಆಗಮನ ಕಾಲದ ಮೊದಲ ಭಾನುವಾರ, ಅಂದರೆ ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲಿಗೆ ಶುರುವಾಗುವುದರಿಂದ ಅಲ್ಲಿಂದಾಚೆಗೆ ಮುಂದಿನ ಇಸವಿಯನ್ನು ಲೆಕ್ಕಕ್ಕೆ ಹಿಡಿಯಬೇಕು. ವಾರದ ದಿನಗಳಲ್ಲಿ ಸಾಧಾರಣ ಕಾಲದ ಮೊದಲನೆಯ ವಾಚನಕ್ಕೆ ಎರಡು ವರ್ಷದ ಸುತ್ತು: ಬೆಸ ಇಸವಿಗೊಂದು, ಸರಿ ಇಸವಿಗೊಂದು. ಶುಭಸಂದೇಶ ಮಾತ್ರ ಪ್ರತಿ ವರ್ಷ ಅದೇ: 1ರಿಂದ 9ನೇ ವಾರದವರೆಗೆ ಮಾರ್ಕ, 10ರಿಂದ 21ರವರೆಗೆ ಮತ್ತಾಯ, 22ರಿಂದ 34ರವರೆಗೆ ಲೂಕ. ಕಥೋಲಿಕ ಕ್ಯಾಲೆಂಡರ್‌ಗಳಲ್ಲಿ ತಾರೀಖಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅಧ್ಯಾಯ, ವಚನದ ಸಂಖ್ಯೆ ಅಚ್ಚಾಗಿರುತ್ತದೆ. ಒಂದು ಎಚ್ಚರಿಕೆ ಬೇಕು. ಕಥೋಲಿಕ ಬೈಬಲಿನಲ್ಲಿ 73 ಗ್ರಂಥಗಳಿವೆ, ಪ್ರಾಟೆಸ್ಟೆಂಟ್ ಸಭೆಗಳ ಬೈಬಲಿನಲ್ಲಿ 66. ತೋಬಿತ, ಸಿರಾಖ, ಜ್ಞಾನಗ್ರಂಥದಿಂದ ವಾಚನ ಬಂದ ದಿನ ಮನೆಯ ಪುಸ್ತಕದಲ್ಲಿ ಅದು ಸಿಗದಿದ್ದರೆ ಕಾರಣ ಇದೇ ಇರಬಹುದು.

ಸಿಹಿ ವಚನದ ರೂಢಿ

ಈಗ ಮೊಬೈಲಿನಲ್ಲಿ ಬೆಳಗಾಗುವುದೇ ಹೂವಿನ ಚಿತ್ರದ ಮೇಲೆ ಬರೆದ ಒಂದು ವಚನದೊಂದಿಗೆ. ಹೊಸ ವರ್ಷದ ರಾತ್ರಿ ಚೀಟಿ ಎತ್ತಿ ‘ಈ ವರ್ಷದ ವಾಗ್ದಾನ’ ಎಂದು ಗೋಡೆಗೆ ಅಂಟಿಸುವ ಪದ್ಧತಿಯೂ ಹಲವು ಕ್ರೈಸ್ತ ಮನೆಗಳಲ್ಲಿದೆ. ಅದರಲ್ಲಿ ಭಕ್ತಿ ಇಲ್ಲವೆಂದಲ್ಲ. ಕಂಗೆಟ್ಟವರಿಗೆ ಒಂದು ಸಾಲು ಊರುಗೋಲಾಗುತ್ತದೆ. ಆದರೆ ಆ ಚೀಟಿಗಳನ್ನು ಬರೆದವರು ಯಾವುದನ್ನು ಬಿಟ್ಟರು ಎಂದು ಒಮ್ಮೆ ನೋಡಬೇಕು. ಆಶೀರ್ವಾದ, ರಕ್ಷಣೆ, ಜಯ ಎಲ್ಲ ಚೀಟಿಗೆ ಬಂದಿರುತ್ತವೆ. ಕೂಲಿ ಹಿಡಿದಿಟ್ಟುಕೊಂಡವನಿಗೆ ಯಕೋಬ ತನ್ನ ಪತ್ರದಲ್ಲಿ ಕೊಟ್ಟ ಎಚ್ಚರಿಕೆ ಬಂದಿರುವುದಿಲ್ಲ. ಆರಿಸುವ ಕೈ ನಮ್ಮದಾದಾಗ ದೇವರ ವಾಕ್ಯವೂ ದಿನಭವಿಷ್ಯದ ಅಂಕಣದಂತಾಗುತ್ತದೆ: ಒಪ್ಪುವಂಥದ್ದಿದ್ದರೆ ಕತ್ತರಿಸಿ ಇಟ್ಟುಕೊಳ್ಳುವುದು, ಇಲ್ಲವಾದರೆ ಹಾಳೆ ಮಗುಚುವುದು.

ವಾಚನಗಳ ಪಟ್ಟಿ ಆ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುತ್ತದೆ. ಬಿ ವರ್ಷದ 26ನೇ ಭಾನುವಾರ ಯಕೋಬನ ಆ ಮಾತು ಬಂದೇ ಬರುತ್ತದೆ: ಕೊಯ್ಲಿನವರಿಗೆ ಕೊಡದೆ ಉಳಿಸಿಕೊಂಡ ಕೂಲಿ ಸ್ವತಃ ಕೂಗಿ ದೇವರ ಕಿವಿ ಮುಟ್ಟುತ್ತದೆ ಎಂಬುದು. ಭದ್ರಾ ನಾಲೆಯ ನೀರಿನಲ್ಲಿ ಬತ್ತ ಬೆಳೆಯುವ ಹರಿಹರದ ಸುತ್ತಮುತ್ತ ಈ ವಾಕ್ಯಕ್ಕೆ ಭಾಷ್ಯವೇ ಬೇಡ. ಸಿ ವರ್ಷದ 25ನೇ ಭಾನುವಾರ ಪ್ರವಾದಿ ಆಮೋಸ ಬರುತ್ತಾನೆ. ಹಬ್ಬದ ದಿನ ಯಾವಾಗ ಮುಗಿದೀತು, ಧಾನ್ಯದ ಅಂಗಡಿ ಯಾವಾಗ ತೆರೆದೇವು ಎಂದು ಚಡಪಡಿಸುವ ವರ್ತಕರನ್ನು ಅವನು ಹೆಸರು ಹಿಡಿದು ಬೈಯುವವನಂತೆ ಬೈಯುತ್ತಾನೆ. ಅಳತೆಯ ಪಾತ್ರೆ ಕಿರಿದು, ತೂಕದ ಕಲ್ಲು ಭಾರ, ತಕ್ಕಡಿಯಲ್ಲಿ ಮೋಸ. ಕೊನೆಗೆ ಗೋದಿಯ ಉದುರು ಕಸವನ್ನೂ ಬಿಡದೆ ಮಾರುವ ಆಸೆ. ದಾವಣಗೆರೆ ಮೆಕ್ಕೆಜೋಳದ ದೊಡ್ಡ ಮಾರುಕಟ್ಟೆ. ತೇವಾಂಶ ಹೆಚ್ಚಿದೆಯೆಂದು ಕ್ವಿಂಟಲಿಗೆ ಎಷ್ಟು ಕಿಲೋ ಕಳೆಯುವುದು ನ್ಯಾಯ ಎಂಬ ಪ್ರಶ್ನೆ ಇಲ್ಲಿ ಕೊಳ್ಳುವವರಿಗೂ ಮಾರುವವರಿಗೂ ಪ್ರತಿ ಹಂಗಾಮಿನಲ್ಲಿ ಎದುರಾಗುವಂಥದ್ದು. ವ್ಯಾಪಾರದಲ್ಲಿರುವ ಯಾವ ಭಕ್ತನೂ ಆಮೋಸನ ಎಂಟನೇ ಅಧ್ಯಾಯವನ್ನು ಚೀಟಿಯಲ್ಲಿ ಬರೆಸಿ ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಲಾರ. ಪಟ್ಟಿ ಇರುವುದರಿಂದ ಮೂರು ವರ್ಷಕ್ಕೊಮ್ಮೆಯಾದರೂ ಅದು ಅವನ ಕಿವಿಗೆ ಬೀಳುತ್ತದೆ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂಬ ಗಾದೆಯಿಂದ ತಪ್ಪಿಸಿಕೊಳ್ಳುವ ಮೊದಲ ದಾರಿ ಬದನೆಕಾಯಿಯ ಪ್ರಸ್ತಾಪ ಇರುವ ಪುರಾಣವನ್ನೂ ಕೇಳುವುದು.

ಇಲ್ಲೊಂದು ತೂಕದ ಆಕ್ಷೇಪ ಏಳುತ್ತದೆ. ಸಂತ ಅಗಸ್ಟೀನ್ 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಕುಳಿತು ಪುಸ್ತಕವನ್ನು ಸುಮ್ಮನೆ ತೆರೆದು, ಕಣ್ಣಿಗೆ ಬಿದ್ದ ರೋಮನರ ಪತ್ರದ ಭಾಗವನ್ನು ಓದಿಯೇ ತಾನೆ ಬದಲಾದದ್ದು? ಕಣ್ಣು ಮುಚ್ಚಿ ಪುಟ ತೆರೆಯುವುದರಲ್ಲಿ ತಪ್ಪೇನು? ಆ ಪ್ರಸಂಗದಲ್ಲಿ ಎರಡು ಸಂಗತಿ ಮರೆಯಬಾರದು. ಅಗಸ್ಟೀನ್ ಅದಕ್ಕೂ ಮುಂಚೆ ಬಹಳ ಕಾಲ ಧರ್ಮಾಧ್ಯಕ್ಷ ಆಂಬ್ರೋಸರ ಪ್ರಬೋಧನೆಗಳಿಗೆ ಕಿವಿಗೊಟ್ಟಿದ್ದರು. ನೆಲ ಹದವಾಗಿತ್ತು, ಬೀಜ ಬಿತ್ತು. ಪುಸ್ತಕ ತೆರೆಯುವ ಧೈರ್ಯ ಬಂದದ್ದು ಈಜಿಪ್ಟಿನ ಸಂತ ಅಂತೋಣಿಯ ನೆನಪಿನಿಂದ. ಅಂತೋಣಿ ಪುಟ ತೆರೆದವನಲ್ಲ; ಅಂದು ದೇವಾಲಯದಲ್ಲಿ ಓದಲಾಗುತ್ತಿದ್ದ ಶುಭಸಂದೇಶ, ಇದ್ದುದನ್ನು ಮಾರಿ ಬಡವರಿಗೆ ಕೊಡೆಂದು ಯೇಸುಸ್ವಾಮಿ ಶ್ರೀಮಂತ ಯುವಕನಿಗೆ ಹೇಳಿದ ಭಾಗ, ಅವನ ಕಿವಿಗೆ ಬಿದ್ದು ತನಗೇ ಹೇಳಿದಂತಾಯಿತು. ಮುಂದೆ ಅಗಸ್ಟೀನರೇ ಒಂದು ಪತ್ರದಲ್ಲಿ, ಲೌಕಿಕ ವ್ಯವಹಾರಕ್ಕಾಗಿ ಶುಭಸಂದೇಶದ ಪುಟಗಳಿಂದ ಶಕುನ ನೋಡುವ ರೂಢಿ ತಮಗೆ ಹಿಡಿಸದೆಂದು ಬರೆದರು. ಶಕುನಕ್ಕೆ ಪುಟ ತೆರೆಯುವವನು ತನ್ನ ಪ್ರಶ್ನೆಗೆ ಉತ್ತರ ಹುಡುಕುತ್ತಾನೆ. ದಿನದ ವಾಚನ ಕೇಳುವವನಿಗೆ ಪ್ರಶ್ನೆಯೇ ಆ ಕಡೆಯಿಂದ ಬರುತ್ತದೆ.

ಗುತ್ತೂರಿನ ತಂತಿ, ಮನೆಯ ದೀಪ

ಗುತ್ತೂರಿನ ಹೆಸರು ನಾಡಿನ ವಿದ್ಯುತ್ ನಕ್ಷೆಯಲ್ಲಿ ದಪ್ಪ ಅಕ್ಷರದಲ್ಲಿದೆ. ಇಲ್ಲಿರುವುದು 400 ಕಿಲೋವೋಲ್ಟ್‌ನ ಸ್ವೀಕರಣಾ ಕೇಂದ್ರ. ದೂರದಿಂದ ಬಂದ ಆ ತಂತಿಯನ್ನು ನೇರ ಮನೆಗೆ ಎಳೆದರೆ ಉರಿಯುವುದು ಬಲ್ಬಲ್ಲ, ಮನೆ. 220ಕ್ಕೆ, 66ಕ್ಕೆ, 11ಕ್ಕೆ ಇಳಿದು, ಕೊನೆಗೆ ಬೀದಿಯ ಟಿಸಿಯಲ್ಲಿ ಇನ್ನೂ ಇಳಿದು 230 ವೋಲ್ಟ್ ಆದಾಗ ಅದು ಅಡುಗೆಮನೆಯ ದೀಪ. ಹಾಗೆಂದು ಹೊಲದ ಮೇಲೆ ಟವರ್ ಹಾದುಹೋದ ಮಾತ್ರಕ್ಕೆ ಕೆಳಗಿನ ಗುಡಿಸಲಲ್ಲಿ ಬೆಳಕಾಗುವುದೂ ಇಲ್ಲ. ವಾಚನದ ವಿಷಯದಲ್ಲಿ ಆಗುವ ಎರಡು ತಪ್ಪು ಇವೇ. ಕಣ್ಣು ಪಾಪಕ್ಕೆ ಕಾರಣವಾದರೆ ಕಿತ್ತೆಸೆಯಬೇಕೆಂಬ ಮಾರ್ಕನ ಮಾತನ್ನು ಅಕ್ಷರಶಃ ಹಿಡಿಯುವುದು ಒಂದು. ಎರಡು ಸಾವಿರ ವರ್ಷದ ಹಿಂದಿನ ಪಾಲೆಸ್ತೀನಿನ ಕಥೆ ತಲೆಯ ಮೇಲೆ ಹಾದುಹೋಗಲಿ ಎಂದು ಬಿಡುವುದು ಇನ್ನೊಂದು. ಹಂತಹಂತವಾಗಿ ಇಳಿಸುವ ವಿಧಾನ ಧರ್ಮಸಭೆಯಲ್ಲಿ ಹಳೆಯದು. ಹನ್ನೆರಡನೇ ಶತಮಾನದ ಗ್ವಿಗೋ ಎಂಬ ಕಾರ್ಥೂಸಿಯನ್ ಸನ್ಯಾಸಿ ಅದನ್ನು ನಾಲ್ಕು ಮೆಟ್ಟಿಲ ಏಣಿಯೆಂದ: ಓದು, ಮನನ, ಪ್ರಾರ್ಥನೆ, ಧ್ಯಾನ. 2010ರಲ್ಲಿ ಜಗದ್ಗುರು ಹದಿನಾರನೇ ಬೆನೆಡಿಕ್ಟ್, ಓದು ಕಾರ್ಯಕ್ಕೆ ಮುಟ್ಟದೆ ಪೂರ್ತಿಯಾಗದು ಎಂದರು. ನುಡಿಗೆ ನಡೆ ಕೂಡದಿದ್ದರೆ ನುಡಿ ಬರಿದು ಎಂಬ ಶರಣರ ತಿಳಿವಳಿಕೆಯಲ್ಲಿ ಬೆಳೆದ ಕನ್ನಡಿಗರಿಗೆ ಇದು ಹೊಸ ಪಾಠವಲ್ಲ.

ಇದನ್ನು ದಿನಚರಿಗೆ ಇಳಿಸುವುದು ಹೀಗೆ. ವಾಚನವನ್ನು ಹಿಂದಿನ ರಾತ್ರಿಯೇ ಒಮ್ಮೆ ಓದಿಡಿ. ಬೆಳಗಿನ ಗಡಿಬಿಡಿಯಲ್ಲಿ ಮೊದಲ ಓದು ಬೇಡ. ಬೆಳಿಗ್ಗೆ ಮತ್ತೊಮ್ಮೆ ಓದುವಾಗ ದನಿ ತೆಗೆದು ಓದಿ. ಈ ಗ್ರಂಥಗಳು ಮೊದಲು ಸಭೆಯ ಕಿವಿಗಾಗಿ ಹುಟ್ಟಿದವು, ಬಾಯಿಬಿಟ್ಟು ಓದಿದಾಗ ಕಣ್ಣು ಹಾರಿಸಿದ ಪದ ನಾಲಿಗೆಗೆ ತಡೆಯುತ್ತದೆ. ಮೊದಲ ಪ್ರಶ್ನೆ ನಿಮ್ಮ ಬಗ್ಗೆ ಬೇಡ: ಇಲ್ಲಿ ಯಾರು, ಯಾರಿಗೆ, ಎಲ್ಲಿ, ಏನು ಹೇಳುತ್ತಿದ್ದಾರೆ? ಅದಕ್ಕಾಗಿ ಬೈಬಲಿನಲ್ಲಿ ಹಿಂದಿನ ಮತ್ತು ಮುಂದಿನ ನಾಲ್ಕು ವಚನಗಳ ಮೇಲೂ ಕಣ್ಣಾಡಿಸಿ. ಎರಡನೆಯದು: ಯಾವ ಪದ ಚುಚ್ಚಿತು, ಯಾವುದು ಬೇಡವಾಗಿತ್ತು? ಹಿತವಾದ ಸಾಲಿಗಿಂತ ಇರುಸುಮುರುಸಾದ ಸಾಲೇ ಹೆಚ್ಚಾಗಿ ನಮ್ಮ ವಿಳಾಸಕ್ಕೆ ಬಂದ ಕಾಗದ. ಮೂರನೆಯದಾಗಿ ಅಂದಿನ ಕೀರ್ತನೆಯನ್ನು ನಿಮ್ಮದೇ ಪ್ರಾರ್ಥನೆಯಾಗಿ ಹೇಳಿ. ಮೊದಲನೆಯ ವಾಚನಕ್ಕೆ ಉತ್ತರವಾಗಲೆಂದೇ ಅದನ್ನು ಆರಿಸಿಟ್ಟಿದ್ದಾರೆ. ಸ್ವಲ್ಪ ಹೊತ್ತು ಮೌನವಾಗಿರಿ. ಕೊನೆಗೆ ಒಂದು ಕೆಲಸ, ಒಂದೇ ಒಂದು. ಅದಕ್ಕೆ ಒಬ್ಬರ ಹೆಸರು ಮತ್ತು ಒಂದು ಹೊತ್ತು ಇರಬೇಕು. ‘ಇನ್ನು ಮೇಲೆ ಎಲ್ಲರನ್ನೂ ಪ್ರೀತಿಸುತ್ತೇನೆ’ ಎಂಬುದು ಸಂಜೆಯೊಳಗೆ ಆವಿಯಾಗುವ ಸಂಕಲ್ಪ. ‘ಗಾರೆ ಕೆಲಸದವನ ಬಾಕಿ ಹಣವನ್ನು ಇವತ್ತು ಐದು ಗಂಟೆಗೆ ಕೊಡುತ್ತೇನೆ’ ಎಂಬುದು ಲೆಕ್ಕಕ್ಕೆ ಸಿಗುವ ಸಂಕಲ್ಪ. ಮಲಗುವ ಮುಂಚೆ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ‘ಆಯಿತು’ ಅಥವಾ ‘ಆಗಲಿಲ್ಲ’ ಎಂದು ಬರೆದರೆ ಸಾಕು.

ಒಂದು ವಾಚನ, ಹತ್ತಿರದಿಂದ

ಸಾಧಾರಣ ಕಾಲದ ಮೊದಲ ವಾರದ ಶುಕ್ರವಾರ, ಅಂದರೆ ಜನವರಿಯಲ್ಲಿ, ಮಾರ್ಕನ ಎರಡನೇ ಅಧ್ಯಾಯದ ಮೊದಲ ಹನ್ನೆರಡು ವಚನಗಳು ಬರುತ್ತವೆ. ಕಫೆರ್ನವುಮಿನ ಒಂದು ಮನೆ, ಬಾಗಿಲ ಹೊರಗೂ ಕಾಲಿಡಲು ಜಾಗವಿಲ್ಲದ ಜನ. ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತರುತ್ತಾರೆ, ದಾರಿಯಿಲ್ಲದೆ ಚಾವಣಿ ಕಿತ್ತು ಹಾಸಿಗೆಸಮೇತ ಕೆಳಗೆ ಇಳಿಸುತ್ತಾರೆ. ಆರೋಗ್ಯ ಮಾತೆಯ ಊರಿನಲ್ಲಿ ಇದನ್ನು ಓದಿದವರಿಗೆ ಮೊದಲು ಹೊಳೆಯುವುದು ‘ನನಗೂ ಗುಣವಾಗಲಿ’ ಎಂಬುದು. ಅದು ನ್ಯಾಯವೇ. ಆದರೆ ಪಾಠವನ್ನು ಇನ್ನೊಮ್ಮೆ ನೋಡಿದರೆ ರೋಗಿ ಬಾಯಿಬಿಟ್ಟು ಏನೂ ಕೇಳಿಲ್ಲ. ಯೇಸುಸ್ವಾಮಿ ಕಂಡದ್ದು ‘ಅವರ’ ವಿಶ್ವಾಸವನ್ನು ಎಂದು ಮಾರ್ಕ ಬರೆಯುತ್ತಾನೆ. ಹೊತ್ತು ತಂದವರದೂ ಆ ಮಾತಿನಲ್ಲಿ ಸೇರಿದೆ. ಹಾಗಾದರೆ ಈ ಕಥೆಯಲ್ಲಿ ನಿಲ್ಲಲು ಒಂದೇ ಜಾಗವಿಲ್ಲ. ಹಾಸಿಗೆಯ ಮೇಲಿರುವವನು, ಮಂಚದ ನಾಲ್ಕು ಮೂಲೆ ಹಿಡಿದವರು, ಬಾಗಿಲಲ್ಲಿ ದಾರಿ ಬಿಡದೆ ನಿಂತ ಭಕ್ತರು, ಕುಳಿತಲ್ಲಿಂದಲೇ ತಪ್ಪು ಹುಡುಕುವ ಶಾಸ್ತ್ರಿಗಳು, ಮಾರ್ಕ ಹೆಸರು ಹೇಳದ ಚಾವಣಿಯ ಒಡೆಯ. ‘ಇವತ್ತು ನಾನು ಇವರಲ್ಲಿ ಯಾರು?’ ಎಂದು ಕೇಳಿಕೊಂಡರೆ ಅನ್ವಯ ತಾನಾಗಿ ಇಳಿದುಬರುತ್ತದೆ. ಗುತ್ತೂರಿನಿಂದ ದಾವಣಗೆರೆಯ ಜಿಲ್ಲಾ ಆಸ್ಪತ್ರೆಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗಬೇಕಾದ ನೆರೆಯವರೊಬ್ಬರು ಇದ್ದಾರೆಂದುಕೊಳ್ಳಿ. ಪ್ರತಿ ಸಲವೂ ಮಗನೊಬ್ಬನೇ ಕೂಲಿ ಬಿಟ್ಟು ಜೊತೆಗೆ ಹೋಗುತ್ತಿದ್ದರೆ ಮಂಚದ ಮೂರು ಮೂಲೆ ಖಾಲಿ ಇವೆ ಎಂದರ್ಥ. ಬರುವ ಗುರುವಾರ ಒಂದು ಮೂಲೆ ಹಿಡಿಯುವುದೇ ಆ ದಿನದ ವಾಚನ.

ಉಳಿದ ಆಕ್ಷೇಪಗಳು

ಪುರುಸೊತ್ತಿಲ್ಲ ಎಂಬುದು ಎಲ್ಲರ ಮಾತು. ಮೂರು ಪಾಳಿಯಲ್ಲಿ ದುಡಿಯುವ ಕಾರ್ಖಾನೆಯವರಿಗೂ ಬೆಳಗಿನ ನಾಲ್ಕು ಗಂಟೆಗೆ ಏಳುವ ಗೃಹಿಣಿಗೂ ಅದು ನೆಪವಲ್ಲ, ನಿಜ. ಆದರೆ ವಾರದ ದಿನದ ಮೂರೂ ಭಾಗಗಳನ್ನು ಗಟ್ಟಿಯಾಗಿ ಓದಲು ಸಾಮಾನ್ಯವಾಗಿ ಹತ್ತು ನಿಮಿಷ ಹಿಡಿಯದು. ಅದೂ ಆಗದವರು ಭಾನುವಾರದ ಶುಭಸಂದೇಶವೊಂದನ್ನೇ ವಾರವಿಡೀ ಇಟ್ಟುಕೊಳ್ಳಲಿ. ಆರು ವಾಚನ ಹಾರಿಸಿ ಓದಿದವನಿಗಿಂತ ಒಂದನ್ನು ಅಗಿದವನಿಗೆ ಹೆಚ್ಚು ದಕ್ಕುತ್ತದೆ. ರಾತ್ರಿ ಪಾಳಿಯವರಿಗೆ ಬೆಳಗು ಯಾವಾಗ ಆಗುತ್ತದೋ ಆಗಲೇ ದಿನದ ವಾಚನ.

ಅರ್ಥ ಹೇಳುವುದು ಗುರುಗಳ ಕೆಲಸ, ನಾವು ಓದಿದರೆ ಎಡವುತ್ತೇವೆ ಎಂಬುದು ವಿನಯದ ಆಕ್ಷೇಪ. ಮಹಾಸಭೆ 1965ರ ನವೆಂಬರ್ 18ರಂದು ಹೊರಡಿಸಿದ ದೈವಪ್ರಕಟಣೆಯ ಶಾಸನ, ಬೈಬಲನ್ನು ಪದೇ ಪದೇ ಓದಬೇಕೆಂದು ಎಲ್ಲ ವಿಶ್ವಾಸಿಗಳನ್ನೂ ಒತ್ತಾಯಿಸಿತು. ಯಾವುದೇ ಭಾಗವನ್ನು ಇಡೀ ಬೈಬಲಿನ ಮತ್ತು ಧರ್ಮಸಭೆಯ ಪರಂಪರೆಯ ಬೆಳಕಿನಲ್ಲಿ ತಿಳಿಯಬೇಕೆಂಬ ಕಟ್ಟನ್ನೂ ಹಾಕಿತು. ಎಡವದಿರಲು ಮನೆಯಲ್ಲೇ ಮಾಡಿಕೊಳ್ಳಬಹುದಾದ ಪರೀಕ್ಷೆಗಳಿವೆ. ನಮ್ಮ ಅನ್ವಯ ಸೊಸೆ, ಅಣ್ಣ, ಪಕ್ಕದ ಮನೆಯವರು ಬದಲಾಗಬೇಕೆಂದು ಹೇಳುತ್ತಿದ್ದರೆ ಅದು ಅನ್ವಯವಲ್ಲ, ದೂರು. ಗುಣಪಡಿಸಿದ ಕಥೆ ಓದಿ ಯಾರಾದರೂ ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಲು ಹೊರಟರೆ ಸಿರಾಖನ 38ನೇ ಅಧ್ಯಾಯವನ್ನು ಅವರ ಮುಂದಿಡಬೇಕು. ವೈದ್ಯನನ್ನು ಗೌರವಿಸು, ಔಷಧವನ್ನು ನೆಲದಿಂದ ಹುಟ್ಟಿಸಿದವನು ದೇವರೇ ಎನ್ನುವ ಗ್ರಂಥವದು. ಒಂದು ವಚನದ ಅತಿಯನ್ನು ಇನ್ನೊಂದು ಗ್ರಂಥ ತಿದ್ದುತ್ತದೆ, ಪೂರ್ತಿ ಓದಿದವರಿಗೆ ಮಾತ್ರ.

ಎಲ್ಲಕ್ಕಿಂತ ಕಷ್ಟದ ಆಕ್ಷೇಪ ಬೈಬಲಿನ ಕ್ರೂರ ಭಾಗಗಳದ್ದು. ಬೆಸ ಇಸವಿಯ 20ನೇ ವಾರದ ಗುರುವಾರ ನ್ಯಾಯಸ್ಥಾಪಕರ ಗ್ರಂಥದಿಂದ ಯೆಪ್ತಾಹನ ಕಥೆ ಬರುತ್ತದೆ. ಗೆದ್ದು ಬಂದರೆ ಮನೆಬಾಗಿಲಿಂದ ಮೊದಲು ಎದುರು ಬಂದವರನ್ನು ಬಲಿ ಕೊಡುವೆನೆಂದು ಅವನು ಹರಕೆ ಹೊತ್ತ. ದಮ್ಮಡಿ ಬಾರಿಸುತ್ತ ಕುಣಿಯುತ್ತ ಎದುರು ಬಂದವಳು ಒಬ್ಬಳೇ ಮಗಳು. ಇದರಿಂದ ಬದುಕಿಗೆ ತೆಗೆದುಕೊಳ್ಳುವುದೇನು? ಅದೇ ದಿನದ ಕೀರ್ತನೆ ಉತ್ತರ ಹೇಳುತ್ತದೆ. ಅಂದಿಗೆ ಗೊತ್ತಾದದ್ದು 40ನೇ ಕೀರ್ತನೆ: ದೇವರು ಬಯಸಿದ್ದು ಬಲಿಯನ್ನಲ್ಲ, ಕಿವಿಗೊಡುವ ಮನಸ್ಸನ್ನು ಎಂಬ ಅರ್ಥದ್ದು. ವಾಚನವೊಂದನ್ನೇ ಓದಿದವರು ಬೆಚ್ಚುತ್ತಾರೆ. ಎರಡನ್ನೂ ಓದಿದವರಿಗೆ ದುಡುಕಿನ ಹರಕೆಯ ಬಗ್ಗೆ ಧರ್ಮಸಭೆ ಇಟ್ಟ ತೀರ್ಪು ಕಾಣುತ್ತದೆ. ಹರಕೆಗೆ ಹೆಸರಾದ ಕ್ಷೇತ್ರದಲ್ಲಿ ಈ ಪಾಠಕ್ಕೆ ತನ್ನದೇ ಬೆಲೆ ಇದೆ: ನಮ್ಮ ಹರಕೆಯ ಖರ್ಚನ್ನು ಮನೆಯ ಮಕ್ಕಳು ಭರಿಸುವಂತೆ ಆಗಿದೆಯೇ ಎಂದು ನೋಡಿಕೊಳ್ಳಬೇಕು.

ಹೀಗೆ ದಿನಕ್ಕೊಂದು ಕೆಲಸ ಎಂದು ಹೊರಟರೆ ವಿಶ್ವಾಸ ಬರೀ ನೀತಿಪಾಠವಾಗುವುದಿಲ್ಲವೇ ಎಂದೂ ಕೇಳಬಹುದು. ಆಗುವ ಅಪಾಯ ಇದೆ. ಅದಕ್ಕೇ ಗ್ವಿಗೋನ ಏಣಿಯಲ್ಲಿ ಪ್ರಾರ್ಥನೆ ಮತ್ತು ಧ್ಯಾನದ ಮೆಟ್ಟಿಲುಗಳಿವೆ. ಕೆಲವು ದಿನ ವಾಚನ ಏನನ್ನೂ ಮಾಡೆನ್ನುವುದಿಲ್ಲ, ಸುಮ್ಮನೆ ಕೃತಜ್ಞತೆ ಹೇಳಿಸುತ್ತದೆ. ಇನ್ನು ಕೆಲವು ದಿನ ನಮಗೆ ತಟ್ಟುವುದೇ ಇಲ್ಲ; ದುಃಖದ ಕೀರ್ತನೆ ಬಂದ ದಿನ ನಾವು ಸಂತೋಷವಾಗಿರುತ್ತೇವೆ. ಆಗ ಅದು ಊರಿನ ಇನ್ನೊಂದು ಮನೆಯವರ ವಾಚನ. ಅವರ ಹೆಸರು ಹೇಳಿ ಅದನ್ನು ಓದಬಹುದು. ಅದೇ ಬೆಳಿಗ್ಗೆ ಜಗತ್ತಿನ ಕಥೋಲಿಕರಲ್ಲಿ ಬಹುಪಾಲು ಮಂದಿ ಹೆಚ್ಚುಕಡಿಮೆ ಇದೇ ಪುಟವನ್ನು ತೆರೆದಿರುತ್ತಾರೆ; ಒಬ್ಬರ ಅಳತೆಗೆ ಹೊಲಿದ ಅಂಗಿ ಅದಲ್ಲ.

ಇನ್ನು ಸೆಪ್ಟೆಂಬರ್ 8ರ ಆ ಪಟ್ಟಿಗೆ ಬರೋಣ. ಗಂಡಸರ ಹೆಸರುಗಳ ನಡುವೆ ಮತ್ತಾಯ ಮರಿಯಮ್ಮನವರಿಗಿಂತ ಮುಂಚೆ ನಾಲ್ವರು ಹೆಂಗಸರನ್ನು ತಂದು ನಿಲ್ಲಿಸುತ್ತಾನೆ. ಮಾವ ಕೊಡದ ನ್ಯಾಯವನ್ನು ವೇಷ ಮರೆಸಿ ಪಡೆದ ತಾಮಾರಳು. ಜೆರಿಕೋ ಪಟ್ಟಣದ ವೇಶ್ಯೆ ರಾಹಾಬಳು. ಪರನಾಡಾದ ಮೋವಾಬಿನ ವಿಧವೆ ರೂತಳು. ದಾವೀದನು ಗಂಡನನ್ನು ಕೊಲ್ಲಿಸಿ ತನ್ನವಳಾಗಿ ಮಾಡಿಕೊಂಡ ಊರೀಯನ ಹೆಂಡತಿ. ಯಾವ ಮನೆತನವೂ ತನ್ನ ವಂಶಾವಳಿ ಬರೆಸುವಾಗ ಮುಚ್ಚಿಡುವಂಥ ಹೆಸರುಗಳಿವು. ಹೊರಗಿನವರೂ ನೊಂದವರೂ ಇಲ್ಲಿ ಒಳಗಿನವರ ಲೆಕ್ಕದಲ್ಲೇ ಇದ್ದಾರೆ, ಇವರ ದಾರಿಯಲ್ಲೇ ಯೇಸುಸ್ವಾಮಿ ಬರುತ್ತಾರೆ. ಈಗ ಬೆಸಿಲಿಕಾದ ಮುಂದಿನ ಸಾಲನ್ನು ಇನ್ನೊಮ್ಮೆ ನೋಡಿ. ಯಾವ ಜಾತಿ, ಯಾವ ಧರ್ಮ, ಯಾವ ಕಳಂಕ ಎಂದು ಯಾರನ್ನೂ ಕೇಳದ ಆ ಸಾಲಿಗೆ ಇದಕ್ಕಿಂತ ಒಪ್ಪುವ ಶುಭಸಂದೇಶ ಹುಡುಕಿದರೂ ಸಿಗಲಾರದು. ನಮ್ಮನ್ನೇ ಆರಿಸಲು ಬಿಟ್ಟಿದ್ದರೆ ಇದು ನಮಗೆ ಹೊಳೆಯುತ್ತಿರಲಿಲ್ಲ. ಅಂದು ಮನೆಗೆ ಹೋಗಿ ಮಾಡಬೇಕಾದ ಕೆಲಸವೂ ಆ ಪಟ್ಟಿಯಲ್ಲೇ ಇದೆ: ಮದುವೆಯ ಕರೆಯೋಲೆ ಬರೆಯುವಾಗ ನಮ್ಮ ಕುಟುಂಬ ಬಿಟ್ಟುಬಿಟ್ಟ ಹೆಸರು ಯಾವುದು ಎಂದು ನೆನೆದು, ಅವರಿಗೆ ಒಂದು ಫೋನು ಮಾಡುವುದು.